ಸಭೆಗೆ ಬೆನ್ನು ಹಾಕಿ ಹೇಳಿದ ಕಥೆ

ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ದೋಣಿ ಹುಡುಗಿಯೊಬ್ಬಳ ಮೇಲೆ ಹರಿಕಥೆ ಮಾಡಿಕೊಡಬೇಕು ಎಂದು ಭದ್ರಾವತಿಯ ಹೆಣ್ಣುಮಕ್ಕಳ ಕಾಲೇಜಿನ ಆಟದ ಮೇಡಂ ಕೇಳಿದಾಗ, ನಾನು ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯ ಹಾಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ನನಗೆ ಕೂತು ಯೋಚಿಸಲು ಬರುವುದಿಲ್ಲ. ಕೂತರೆ ತಲೆಯೂ ಕೂತುಬಿಡುತ್ತದೆ. ಓಡಾಡುತ್ತಲೇ ಕೇಳಿದೆ, “ಅದರಲ್ಲಿ ಹರಿ ಎಲ್ಲಿಂದ ಬಂದ ಮಾರಾಯ್ತಿ?”

“ನೀರಲ್ಲೇ ಮಲಗಿದಾನಲ್ಲ ಅಕ್ಕ” ಎಂದರು ಮೇಡಂ.

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಪಿ.ಡಿ. ಮೇಡಂ ಎನ್ನುತ್ತಾರೆ. ಸೀಟಿ ಊದುವವರಿಗೆ ಇಷ್ಟು ಬಾಯಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಕ್ಕುಬಿಟ್ಟೆ, ಅಲ್ಲಿಗೆ ಒಪ್ಪಿಕೊಂಡ ಹಾಗಾಯಿತು.

ವಿಷಯ ಹೀಗಿತ್ತು. ಕಾಲೇಜಿಗೆ ಒಂದು ಪಂದ್ಯದ ದೋಣಿ ಎರವಲು ಸಿಕ್ಕಿತ್ತು. ನಾಲ್ವರು ಹುಟ್ಟು ಹಾಕಬೇಕು, ಐದನೆಯವಳು ಚುಕ್ಕಾಣಿ ಹಿಡಿಯಬೇಕು. ದೋಣಿ ಭದ್ರಾ ಹಿನ್ನೀರಿನ ದಡದ ಶೆಡ್ಡಿನಲ್ಲಿ ಕವುಚಿ ಬಿದ್ದಿತ್ತು, ಇನ್ನೂ ನೀರು ಮುಟ್ಟಿರಲಿಲ್ಲ. ಹುಡುಗಿಯರು ಈಜು ಕಲಿತಿದ್ದರು, ಕಾಲೇಜಿನ ಮೆಷಿನ್ನಿನ ಮೇಲೆ ಹುಟ್ಟು ಎಳೆದು ಎಳೆದು ಕೈಯಲ್ಲಿ ಬೊಬ್ಬೆ ಬರಿಸಿಕೊಂಡಿದ್ದರು. ಆದರೆ ಐದೂ ಮನೆಯವರು ಒಪ್ಪಿದರೆ ಮಾತ್ರ ನೀರಿಗೆ, ಇಲ್ಲದಿದ್ದರೆ ತಿಂಗಳ ಕೊನೆಗೆ ದೋಣಿ ವಾಪಸ್ಸು ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ನಾಲ್ಕು ಮನೆಯವರು ಹೂಂ ಎಂದಿದ್ದರು. ಐದನೆಯದು ನ್ಯೂ ಟೌನಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ತಾಯಿಯ ಮನೆ. ಅವರ ಮಗಳೇ ತಂಡದ ಬೆನ್ನೆಲುಬು. ಅವಳ ಲಯವನ್ನೇ ಉಳಿದ ಮೂವರು ಹಿಡಿಯಬೇಕಂತೆ. ಅವಳಿಲ್ಲ ಎಂದರೆ ದೋಣಿಯೂ ಇಲ್ಲ.

“ಆ ತಾಯಿ ಮೀಟಿಂಗ್ ಅಂದ್ರೆ ಬರಲ್ಲ ಅಕ್ಕ. ಹರಿಕಥೆ ಅಂದ್ರೆ ಅಂಗಡಿ ಬಾಗಿಲು ಎಳೆದು ಬರ್ತಾರೆ. ನಿಮ್ಮ ಕಥೆ ಎಲ್ಲಿದ್ರೂ ಮುಂದಿನ ಸಾಲಲ್ಲಿ ಇರ್ತಾರಂತೆ.”

ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆ. ಬಿದ್ದೆ.

ಚಾಂಪಿಯನ್ನಳ ಜೀವನವನ್ನು ಮೇಡಂ ಎರಡು ದಿನ ಬಂದು ಹೇಳಿದರು, ಮೊಬೈಲಿನಲ್ಲಿ ಪಂದ್ಯದ ವಿಡಿಯೋ ತೋರಿಸಿದರು. ಚಳಿ ದೇಶದ ಬಸ್ ಡ್ರೈವರ್ ಒಬ್ಬನ ಮಗಳು. ಕಾಲೇಜು ಸೇರುವವರೆಗೆ ಹುಟ್ಟು ಮುಟ್ಟಿದವಳಲ್ಲ. ಅಡ್ಮಿಷನ್ನಿಗೆ ಕ್ಯೂ ನಿಂತಿದ್ದಾಗ ಯಾರೋ ಅವಳ ಎತ್ತರ ನೋಡಿ “ದೋಣಿ ತಂಡಕ್ಕೆ ಬರ್ತೀಯಾ?” ಎಂದು ಕೇಳಿದರು. ಮೊದಲ ದಿನವೇ ಹುಟ್ಟು ನೀರಿನಲ್ಲಿ ಸಿಕ್ಕಿಕೊಂಡು ಅದರ ಹಿಡಿ ಹೊಟ್ಟೆಗೆ ಬಡಿಯಿತು, ನೀರಿಗೆ ಬಿದ್ದಳು. ಎರಡನೆಯ ವರ್ಷ ತಂಡದಿಂದ ತೆಗೆದರು. ಮೂರನೆಯ ವರ್ಷ ಮತ್ತೆ ಸೇರಿಸಿದರು. ಆಮೇಲೆ ದೇಶದ ಎಂಟು ಜನರ ದೋಣಿಯಲ್ಲಿ ಕೂತಳು, ಒಲಿಂಪಿಕ್ಸಿನಲ್ಲಿ ಗೆದ್ದಳು. ಇಷ್ಟೇ. ವನವಾಸವಿಲ್ಲ, ಶಾಪವಿಲ್ಲ, ಸ್ವಯಂವರವೂ ಇಲ್ಲ. ಎರಡು ಗಂಟೆ ಜನರನ್ನು ಯಾವುದರಲ್ಲಿ ಕೂರಿಸಲಿ?

ಹರಿಕಥೆ ಕಟ್ಟುವುದಕ್ಕೆ ಒಂದು ಕ್ರಮವಿದೆ. ಮೊದಲು ಪೀಠಿಕೆ, ಒಂದು ತತ್ವ ಹಿಡಿದು ಹಾಡಿ ಅರ್ಥ ಹೇಳುವುದು. ಆಮೇಲೆ ಕಥೆ, ನಡುವೆ ಉಸಿರಾಡಲು ಉಪಕಥೆ. ಪೀಠಿಕೆಗೆ ಕಷ್ಟವಾಗಲಿಲ್ಲ. ದೋಣಿಯ ಹುಟ್ಟು, ಮನುಷ್ಯನ ಹುಟ್ಟು, ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. “ಹುಟ್ಟುತ್ತಲೇ ಹುಟ್ಟು ಹಿಡಿದವಳಲ್ಲ ಇವಳು” ಎಂದು ಶುರು ಮಾಡಿದರೆ ಸಭೆ ಅಲ್ಲೇ ಕೈಗೆ ಬರುತ್ತದೆ. ಉಪಕಥೆಗೆ ನದಿ ದಾಟಿಸುವ ಅಂಬಿಗನೊಬ್ಬನನ್ನು ಇಟ್ಟೆ. ಪುನ್ನಾಗವರಾಳಿ ರಾಗದಲ್ಲಿ ತೂಗುವ ಒಂದು ದೋಣಿ ಹಾಡು ಬರೆದೆ. ಕೊನೆಯ ಪಂದ್ಯವನ್ನು ಮೋಹನದಲ್ಲಿ, ಆದಿತಾಳಕ್ಕೆ ಕೂರಿಸಿದೆ. “ಗುರಿಯ ಕಡೆಗೆ ಕಣ್ಣ ನೆಟ್ಟು, ಹುಟ್ಟ ಮೇಲೆ ಹುಟ್ಟನಿಟ್ಟು” ಎಂದು ಪಲ್ಲವಿ. ಚಿಟಿಕೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲ ತನಕ ನಡೆದು ಹಾಡಿದೆ. ನನಗೇ ಮೈ ಜುಮ್ಮೆಂದಿತು.

ಆ ಜಂಬ ಇಳಿದದ್ದು ಕಾಲೇಜಿನಲ್ಲಿ. ಒಂದು ಮಧ್ಯಾಹ್ನ ಮೆಷಿನ್ ಇಟ್ಟಿದ್ದ ಕೋಣೆಯಲ್ಲಿ ಐವರು ಹುಡುಗಿಯರನ್ನು ಕೂರಿಸಿಕೊಂಡು ಹಾಡಿ ತೋರಿಸಿದೆ. ಪೀಠಿಕೆಗೆ ಚಪ್ಪಾಳೆ ತಟ್ಟಿದರು. ಪಂದ್ಯ ಬರುತ್ತಿದ್ದಂತೆ ಒಬ್ಬರ ಮುಖ ಒಬ್ಬರು ನೋಡಿ ಬಾಯಿಗೆ ದುಪಟ್ಟಾ ಒತ್ತಿಕೊಂಡರು. ಹಾಡು ನಿಲ್ಲಿಸಿ ಏನೆಂದು ಕೇಳಿದೆ. ಎಲ್ಲರೂ ತಲೆ ತಗ್ಗಿಸಿದರು. ಉದ್ದ ಜಡೆಯ ಒಬ್ಬಳು ಮಾತ್ರ ಎದ್ದು ನಿಂತಳು. ಟೈಲರಮ್ಮನ ಮಗಳು ಅವಳೇ.

“ಮೇಡಂ, ನಮಗೆ ಗುರಿ ಕಾಣಲ್ಲ.”

“ಕಾಣದೆ ಏನು?”

“ನಾವು ಹಿಂದೆ ತಿರುಗಿ ಕೂತಿರ್ತೀವಿ. ಬೆನ್ನು ಮುಂದೆ ಹೋಗುತ್ತೆ. ಮುಂದೆ ನೋಡೋಳು ಚುಕ್ಕಾಣಿಯವಳು ಒಬ್ಬಳೇ.”

ವಿಡಿಯೋವನ್ನು ನಾನು ಅಷ್ಟು ಸಲ ನೋಡಿದ್ದೆ. ಎಲ್ಲರೂ ಒಂದೇ ಕಡೆಗೆ ಬಗ್ಗಿ ಏಳುವುದು ಕಂಡಿತ್ತು, ದೋಣಿ ಯಾವ ಕಡೆಗೆ ಓಡುತ್ತಿದೆ ಎನ್ನುವುದು ಹೊಳೆದಿರಲೇ ಇಲ್ಲ. ನಮ್ಮ ಕಡೆ ತೆಪ್ಪದವನು, ಹರಿಗೋಲಿನವನು, ಎಲ್ಲರೂ ಹೋಗುವ ದಾರಿ ನೋಡಿಕೊಂಡೇ ನೀರು ಸರಿಸುತ್ತಾರೆ. ನನ್ನ ಅಂಬಿಗನನ್ನೇ ತೆಗೆದು ಒಲಿಂಪಿಕ್ಸಿಗೆ ಕಳಿಸಿಬಿಟ್ಟಿದ್ದೆ.

ಹುಡುಗಿ ನನ್ನನ್ನು ಮೆಷಿನ್ನಿನ ಮೇಲೆ ಕೂರಿಸಿದಳು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಪಾದಗಳನ್ನು ಪಟ್ಟಿಗೆ ಕಟ್ಟಿದಳು. “ಕೈಯಲ್ಲಿ ಎಳೀಬೇಡಿ ಮೇಡಂ, ಕಾಲಲ್ಲಿ ಒದೀರಿ.” ಒದ್ದೆ. ಕೂತ ಮಣೆ ಹಿಂದಕ್ಕೆ ಜಾರಿತು. ಮತ್ತೆ ಮುಂದಕ್ಕೆ ಬರುವಾಗ ಆತುರಪಟ್ಟೆ. “ಎಳೆಯೋದು ಒಂದು ಎಣಿಕೆ, ವಾಪಸ್ ಬರೋದು ಎರಡು ಎಣಿಕೆ. ಬರೋವಾಗ ನಿಧಾನ” ಎಂದು ಪಕ್ಕದಲ್ಲಿ ಎಣಿಸತೊಡಗಿದಳು. ಒಂದು, ಎರಡು ಮೂರು. ಒಂದು, ಎರಡು ಮೂರು. ನನ್ನ ಆದಿತಾಳದಲ್ಲಿ ಇದನ್ನು ಕೂರಿಸಿದರೆ ದೋಣಿ ಮಗುಚುತ್ತದೆ. ಇದು ತಿಶ್ರ, ಮೂರರ ನಡೆ. ತ ಎಂದರೆ ಎಳೆತ, ಕಿಟ ಎಂದರೆ ಹಿಂದಿರುಗುವಿಕೆ. ಗುರಿ ಹತ್ತಿರವಾದಂತೆ ವಾಪಸ್ ಬರುವ ಸಮಯ ಕಡಿಮೆಯಾಗುತ್ತ ಎರಡೂ ಸಮವಾಗುತ್ತವಂತೆ. ಹಾಗಾದರೆ ತಕಿಟ ಬಿಟ್ಟು ಎರಡಕ್ಕೆ ಎರಡು ಸಮನಾಗುವ ತಕಧಿಮಿಗೆ ಜಿಗಿಯಬೇಕು. ಉಸಿರು ಕಟ್ಟುತ್ತಿತ್ತು, ಆದರೂ ಖುಷಿ ತಡೆಯಲಾಗಲಿಲ್ಲ.

ಆ ಖುಷಿಯೇ ಕೆಲಸ ಕೆಡಿಸಿತು. ಅಂದೇ ಸಂಜೆ ಮೇಡಂ ಜೊತೆ ನ್ಯೂ ಟೌನಿನ ಟೈಲರಿಂಗ್ ಅಂಗಡಿಗೆ ಹೋದೆ, ಹರಿಕಥೆಗೆ ಕರೆಯುವ ನೆಪ. ಆ ತಾಯಿ ನನ್ನನ್ನು ಕಂಡು ಮೆಷಿನ್ ನಿಲ್ಲಿಸಿ ಸ್ಟೂಲು ಒರೆಸಿದರು. ಮಗಳು ನಮ್ಮ ಕಾಫಿಗೆ ಹಾಲು ತರಲು ಹೊರಟಳು. ಮಾತಾಡುತ್ತಿದ್ದ ತಾಯಿ ಅರ್ಧಕ್ಕೇ ನಿಲ್ಲಿಸಿ ಬಾಗಿಲಿಗೆ ಹೋಗಿ ನಿಂತರು. ಹುಡುಗಿ ತಿರುವಿನ ತನಕ ಹೋಗಿ, ಅಲ್ಲಿ ಒಮ್ಮೆ ಹಿಂದೆ ತಿರುಗಿ ನೋಡಿ ಮರೆಯಾದಳು. ತಾಯಿ ಆಮೇಲೆಯೇ ಒಳಗೆ ಬಂದದ್ದು.

“ದಿನಾ ಹಿಂಗೇ ಮೇಡಂ. ಹಿಂದಿನಿಂದ ಕೂಗೋ ಹಾಗಿಲ್ಲ, ಹೋದ ಕೆಲಸ ಆಗಲ್ಲ ಅಂತಾರೆ. ಅವಳಾಗೇ ತಿರುಗಬೇಕು. ಒಂದೊಂದ್ಸಲ ಮರೆತು ಹೋಗಿಬಿಡ್ತಾಳೆ, ಆವತ್ತು ಸಂಜೆ ತನಕ ನನ್ನ ಹೊಲಿಗೆ ಸೊಟ್ಟ” ಎಂದು ನಕ್ಕರು.

ದೋಣಿಯ ವಿಷಯಕ್ಕೆ ಅವರು ಪೂರ್ತಿ ವಿರೋಧವಾಗೇನೂ ಇರಲಿಲ್ಲ. ಈಜು ಬರುತ್ತದೆಯಲ್ಲ, ಜಾಕೆಟ್ ಹಾಕುತ್ತಾರಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಮೇಡಂ ಮುಖದಲ್ಲಿ ಗೆಲುವು ಬರುತ್ತಿತ್ತು. ಸುಮ್ಮನಿರಬೇಕಿದ್ದ ನಾನು ಬಾಯಿ ಬಿಟ್ಟೆ. “ನಿಮಗೊಂದು ಸೋಜಿಗ ಗೊತ್ತಾ? ಇವರೆಲ್ಲ ಹಿಂದೆ ತಿರುಗಿ ಕೂತು ಮುಂದೆ ಹೋಗ್ತಾರಂತೆ. ಎದುರಿಗೆ ಏನಿದೆ ಅಂತ ಕಾಣೋದೇ ಇಲ್ಲವಂತೆ.”

ಆ ತಾಯಿಯ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

“ಬೆನ್ನು ಮುಂದಾಗಿ ಹೋಗೋದಾ? ನೀರಲ್ಲಾ?”

“ಒಬ್ಬಳು ನೋಡ್ತಿರ್ತಾಳಲ್ಲ ಅಮ್ಮ, ಚುಕ್ಕಾಣಿ ಹಿಡಿದೋಳು” ಎಂದು ಮೇಡಂ ಅವಸರವಾಗಿ ಹೇಳಿದರು.

“ಅದೂ ಅವಳಷ್ಟೇ ವಯಸ್ಸಿನ ಹುಡುಗಿ ಅಲ್ವಾ. ಬೇಡ ಮೇಡಂ. ಎದುರಿಗೆ ಏನಿದೆ ಅಂತ ನೋಡದೆ ಹೋಗೋ ಮಗಳನ್ನ ನಾನು ಹೆಂಗೆ ಕಳಿಸಲಿ?” ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಸಿಟ್ಟಿದ್ದರೆ ಇಳಿಯುತ್ತದೆ.

ಹಾಲು ತಂದ ಹುಡುಗಿ ನಮ್ಮ ಮುಖ ನೋಡಿಯೇ ತಿಳಿದುಕೊಂಡಳು. ಕಾಫಿ ಮಾಡಿ ಕೊಟ್ಟಳು.

ಬಸ್‌ಸ್ಟ್ಯಾಂಡಿನ ತನಕ ಆಟೋದಲ್ಲಿ ಮೇಡಂ ನನ್ನ ಜೊತೆ ಬಂದರು. ಇಳಿಯುವಾಗ, “ನಾನೂ ಒಂದು ಕಾಲಕ್ಕೆ ಈ ಆಟಕ್ಕೆ ಹೋಗಬೇಕಿತ್ತು ಅಕ್ಕ. ನಮ್ಮನೇಲೂ ಹಿಂಗೇ ಬೇಡ ಅಂದ್ರು” ಎಂದರು. ಅಷ್ಟು ಹೇಳಿ ಸರಸರನೆ ನಡೆದು ಹೋದರು.

ಶಿವಮೊಗ್ಗದ ಬಸ್ಸು ತುಂಬಿತ್ತು. ಡ್ರೈವರನ ಹಿಂದೆ, ಜನರ ಕಡೆಗೆ ಮುಖ ಮಾಡಿದ ಸೀಟು ಮಾತ್ರ ಖಾಲಿ. ನಾನು ಎಂದೂ ಅಲ್ಲಿ ಕೂರುವವಳಲ್ಲ, ಹೊಟ್ಟೆ ತೊಳಸುತ್ತದೆ. ಅಂದು ಕೂತೆ. ಹಿಂದಿನ ಗಾಜಿನಲ್ಲಿ ಭದ್ರಾವತಿಯ ರಸ್ತೆ ದೂರ ಸರಿಯುತ್ತಿತ್ತು. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಏಕೆಂದು ತಿಳಿಯದೆ ಕಂಬಿ ಹಿಡಿದುಕೊಳ್ಳುತ್ತಿದ್ದೆ. ಎದುರಿಗೆ ಕೂತಿದ್ದ ಜನರ ಮುಖದಲ್ಲೇ ಮುಂದೆ ಏನಿದೆ ಎಂದು ಓದಬೇಕಿತ್ತು. ಕಾಣದೆ ಹೋಗುವುದು ಎಂದರೆ ಏನೆಂದು ನನ್ನ ಹೊಟ್ಟೆಗೆ ಗೊತ್ತಾಯಿತು. ಆ ತಾಯಿ ಹೆದರಿದ್ದು ತಪ್ಪೇನಲ್ಲ ಅನ್ನಿಸಿತು.

ಮುಂದಿನ ದಿನಗಳು ಸಂಕಟದವು. ಪಲ್ಲವಿ ಹೊಡೆದುಹಾಕಿ ಮತ್ತೆ ಬರೆದೆ. ಹಿಂದೆ ಕೂರುವ ವಿಷಯವನ್ನೇ ಎತ್ತದೆ ಜಾರಿಸಿಬಿಡಲೇ ಎಂದೂ ಯೋಚಿಸಿದೆ. ಹಾಗೆ ಮಾಡಿದರೆ ಆ ಹುಡುಗಿಯ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಚಾಂಪಿಯನ್ನಳ ಕಥೆಯ ತಿರುಳೇ ಅಲ್ಲಿತ್ತು. ದೋಣಿಯಲ್ಲಿ ಕೂತವಳಿಗೆ ತನಗಿಂತ ಮುಂದಿರುವವರು ಕಾಣುವುದಿಲ್ಲ, ಹಿಂದೆ ಬಿದ್ದವರು ಮಾತ್ರ ಕಾಣುತ್ತಾರೆ. ಆ ಕೊನೆಯ ಪಂದ್ಯದಲ್ಲಿ ಅರ್ಧ ದಾರಿ ಅವಳಿಗೆ ಯಾರೂ ಕಂಡಿರಲಿಲ್ಲ. ಅಂದರೆ ಅವಳ ದೋಣಿಯೇ ಎಲ್ಲರಿಗಿಂತ ಹಿಂದೆ. ಖಾಲಿ ನೀರು ನೋಡುತ್ತ ಎಳೆದಳು. ಆಮೇಲೆ ಪಕ್ಕದಲ್ಲಿ ಒಂದು ದೋಣಿಯ ಹಿಂತುದಿ ಕಂಡಿತು, ಇನ್ನೊಂದು ಕಂಡಿತು, ಕೊನೆಗೆ ಎಲ್ಲವೂ ಕಣ್ಣ ಮುಂದೆ ಬಂದವು. ಇದನ್ನು ನಿಂತು, ಸಭೆಯ ಕಡೆ ಕೈ ಮಾಡಿ ಹೇಳಿದರೆ ಬರಿಯ ಮಾತಾಗುತ್ತದೆ.

ಕೂತು ಹೇಳಬೇಕು. ಅದೂ ಸಭೆಗೆ ಬೆನ್ನು ಹಾಕಿ.

ಇದನ್ನು ಬಾಯಿಬಿಟ್ಟು ಹೇಳಲು ನನಗೇ ಧೈರ್ಯವಿರಲಿಲ್ಲ. ಕೀರ್ತನೆಗೆ ನಿಂತವರು ಸಭೆಗೆ ಬೆನ್ನು ತೋರಿಸುವಂತಿಲ್ಲ, ನನಗೆ ಗೆಜ್ಜೆ ಕಟ್ಟಿದ ದಿನವೇ ಹೇಳಿಕೊಟ್ಟ ಪಾಠ ಅದು. ಮೃದಂಗದವರ ಹತ್ತಿರ ಹೇಳಿದೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮನೆಮಾತು ತಮಿಳು, ನನ್ನ ಹುಚ್ಚಿಗೆಲ್ಲ ಇಷ್ಟು ವರ್ಷ ನುಡಿಸಿದವರು.

“ಏನಮ್ಮಾ ಇದು, ಜನ ಎದ್ದು ಹೋದ್ರೂ ನಿಮಗೆ ಗೊತ್ತಾಗಲ್ಲ” ಎಂದರು.

“ನೀವು ನೋಡ್ತೀರಲ್ಲ.”

“ನಾನು ನೋಡಿದ್ರೆ ಏನ್ ಬಂತು?”

“ನೀವೇ ಚುಕ್ಕಾಣಿ.”

ಅವರು ಸುತ್ತಿಗೆ ತೆಗೆದುಕೊಂಡು ಮೃದಂಗದ ಶ್ರುತಿ ಸರಿಮಾಡತೊಡಗಿದರು. ಅದು ಅವರ ಒಪ್ಪಿಗೆ.

ಊಟದ ಮಣೆಯ ಕೆಳಗೆ ಹಳೆಯ ಪಂಚೆಯ ತುಂಡು ಕಟ್ಟಿದೆ. ಅದರ ಮೇಲೆ ಕೂತು ಕಾಲಿನಿಂದ ಒದ್ದರೆ ನಮ್ಮ ರೆಡ್‌ಆಕ್ಸೈಡ್ ನೆಲದಲ್ಲಿ ಬೆನ್ನು ಮುಂದಾಗಿ ಗೇಣಷ್ಟು ಜಾರುತ್ತದೆ. ವೇದಿಕೆಯ ಹಿಂದಿನ ಪರದೆಯಿಂದ ಶುರು ಮಾಡಿ, ಸಭೆಯ ಕಡೆಗೆ, ಹಿಂದು ಹಿಂದಾಗಿ ಬರುವುದು. ಸಭೆಯೇ ಗುರಿ. ವೇದಿಕೆಯ ಅಂಚು ಎಲ್ಲಿದೆ ಎಂದು ನನಗೆ ಕಾಣದು. ಮೃದಂಗದವರು ಪರದೆಯ ಹತ್ತಿರ ನನ್ನೆದುರು ಕೂತು ಅಂಚು ನೋಡಿಕೊಂಡು ತೀರ್ಮಾನ, ಎಂದರೆ ಮುಗಿಸುವ ಪೆಟ್ಟು, ಹೊಡೆಯಬೇಕು, ಅಲ್ಲಿ ನಾನು ನಿಲ್ಲಬೇಕು. ಮನೆಯಲ್ಲಿ ಎರಡು ಸಲ ಗೋಡೆಗೆ ಬಡಿದು ಬೆನ್ನು ನೋಯಿಸಿಕೊಂಡೆ. “ಅವಸರ ಮಾಡ್ತೀರಿ. ವಾಪಸ್ ಬರೋವಾಗ ನಿಧಾನ ಅಂತ ನೀವೇ ಹೇಳಿದ್ದಲ್ವಾ” ಎಂದು ಮೃದಂಗದವರು ಬೈದರು.

ಕಥೆಯ ದಿನ ಸಂಜೆ ಕಾಲೇಜಿನ ಸಭಾಂಗಣ ತುಂಬಿತು. ಟೈಲರಮ್ಮ ಬರುತ್ತಾರೋ ಇಲ್ಲವೋ ಎಂದು ನಾನು ಪರದೆಯ ಸಂದಿನಿಂದ ಇಣುಕಿ ಇಣುಕಿ ಮೇಡಂ ಕೈಲಿ ಬೈಸಿಕೊಂಡೆ. ಬಂದರು. ಮುಂದಿನ ಸಾಲಿನಲ್ಲಿ ಕೂರಲಿಲ್ಲ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

ಪೀಠಿಕೆ ಗೆದ್ದಿತು. ಕ್ಯೂನಲ್ಲಿ ನಿಂತ ಉದ್ದನೆಯ ಹುಡುಗಿಗೆ ನಕ್ಕರು. ಹುಟ್ಟಿನ ಹಿಡಿ ಹೊಟ್ಟೆಗೆ ಬಡಿದಾಗ ಅಯ್ಯೋ ಎಂದರು. ತಂಡದಿಂದ ತೆಗೆದ ದಿನ ಅಪ್ಪನ ಬಸ್ಸಿನಲ್ಲೇ ಹಿಂದಿನ ಸೀಟಿನಲ್ಲಿ ಕೂತು ಅತ್ತಳು ಎಂದು ನಾನು ಸೇರಿಸಿದ್ದೆ, ಅದಕ್ಕೆ ಕಣ್ಣು ಒರೆಸಿಕೊಂಡರು. ಮುಖಗಳನ್ನು ನೋಡಿಕೊಂಡು ಕಥೆ ಹೇಳುವವಳು ನಾನು. ಅಲ್ಲಿಯ ತನಕ ಎಲ್ಲ ನನ್ನ ಕೈಯಲ್ಲಿತ್ತು.

ಆಮೇಲೆ ಮಣೆ ತಂದಿಟ್ಟರು. ಕೈ ಮುಗಿದು, “ಸಭೆ ಕ್ಷಮಿಸಬೇಕು, ಈ ಆಟವೇ ಹೀಗೆ” ಎಂದು ಹೇಳಿ ತಿರುಗಿ ಕೂತೆ.

ಹಿಂದೆ ಗುಸುಗುಸು ಎದ್ದಿತು. ಮೃದಂಗ ತಕಿಟ ಹಿಡಿಯಿತು. “ಕಾಣದ ಕಡೆಗೆ ಬೆನ್ನನು ಕೊಟ್ಟು” ಎಂದು ಎತ್ತಿಕೊಂಡು ಮೊದಲ ಒದೆತ ಒದ್ದೆ. ಮಣೆ ಜಾರಿತು. ನನ್ನ ಕಣ್ಣಿಗೆ ಕಂಡದ್ದು ಮೃದಂಗದವರು, ಹಿಂದಿನ ಪರದೆ, ಪಕ್ಕದಲ್ಲಿ ಗುಂಪಾಗಿ ನಿಂತಿದ್ದ ಐವರು ಹುಡುಗಿಯರು. ಅಷ್ಟೇ. ಯಾರೋ ಕೆಮ್ಮಿದರು. ಒಂದು ಮಗು ಅತ್ತಿತು. ಜನ ಕೇಳುತ್ತಿದ್ದಾರೋ, ಮೊಬೈಲು ನೋಡುತ್ತಿದ್ದಾರೋ? ತಿರುಗಿ ನೋಡಿಬಿಡೋಣ ಎಂದು ಕತ್ತು ತುರಿಸಿದ ಹಾಗಾಗುತ್ತಿತ್ತು. ಯಾರೂ ಕಾಣದ ಖಾಲಿ ನೀರಿನ ಚರಣಕ್ಕೆ ಬಂದಾಗ ನನ್ನ ದನಿ ನಡುಗಿತು. ಅದು ಅಭಿನಯವಾಗಿರಲಿಲ್ಲ.

ಮೊದಲ ದೋಣಿ ಕಂಡಿತು ಎಂದು ಹಾಡುವಷ್ಟರಲ್ಲಿ ಹಿಂದೆ ದೂರದಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಪಕ್ಕದಲ್ಲಿ ನಿಂತಿದ್ದ ಟೈಲರಮ್ಮನ ಮಗಳು ತಾಳಕ್ಕೆ ಭುಜ ಆಡಿಸುತ್ತಿದ್ದವಳು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಅವಳ ಮುಖ ಇಳಿದುಹೋಯಿತು. ತಾಯಿ ಎದ್ದರು ಎಂದು ನನಗೆ ಗೊತ್ತಾಯಿತು.

ಮುಗಿಯಿತು ಎಂದುಕೊಂಡೆ. ಮೃದಂಗದವರು ನನ್ನನ್ನು ದಿಟ್ಟಿಸಿ ತಲೆಯನ್ನು ಒಂದಿಷ್ಟೇ ಆಡಿಸಿದರು, ನಿಲ್ಲಿಸಬೇಡಿ ಎಂದು. ತಕಿಟ ಬಿಟ್ಟು ತಕಧಿಮಿಗೆ ಹಾರಿದರು. ನಾನೂ ಹಾರಿದೆ. ಒದ್ದೆ, ಜಾರಿದೆ, ಒದ್ದೆ. ಅಂಚು ಎಷ್ಟು ದೂರವಿತ್ತೋ ತಿಳಿಯದು. ಎರಡನೆಯ ದೋಣಿ, ಮೂರನೆಯದು, ಎಲ್ಲ ದೋಣಿಗಳೂ ಕಣ್ಣ ಮುಂದೆ ಎಂದು ಮೇಲಿನ ಷಡ್ಜಕ್ಕೆ ಹೋದೆ. ತೀರ್ಮಾನ ಬಿತ್ತು. ನಿಂತೆ. ಬೆನ್ನ ಹಿಂದೆ ಸದ್ದೇ ಇರಲಿಲ್ಲ.

ತಿರುಗಿದರೆ ವೇದಿಕೆಯ ಕೆಳಗೆ, ಅಂಚಿಗೆ ಒತ್ತಿಕೊಂಡು ಟೈಲರಮ್ಮ ನಿಂತಿದ್ದರು. ಎರಡೂ ಕೈ ಮೇಲೆತ್ತಿ, ನಾನು ಬಿದ್ದರೆ ಹಿಡಿಯುವ ಹಾಗೆ. ಚಪ್ಪಾಳೆ ಶುರುವಾದ ಮೇಲೆ ಅವರು ನಾಚಿಕೆಯಿಂದ ಕೈ ಇಳಿಸಿದರು.

ಮಂಗಳ ಹಾಡಿ, ಪ್ರಸಾದ ಹಂಚಿ, ಸಭೆ ಕರಗುವ ತನಕ ನಾನು ವೇದಿಕೆಯ ಮೇಲೆ ಸುತ್ತುತ್ತಲೇ ಇದ್ದೆ. ಅವರು ಹೋಗಲಿಲ್ಲ. ಮೇಡಂ, ನಾನು, ಹುಡುಗಿ ನಿಂತಲ್ಲಿಗೆ ಬಂದರು.

“ಬಿದ್ದೇಬಿಡ್ತೀರಿ ಅನ್ನಿಸ್ತು ಮೇಡಂ. ಕೂಗೋಣ ಅಂತ ಬಾಯಿ ತೆಗೆದೆ. ಹಿಂದಿನಿಂದ ಕೂಗಬಾರದಲ್ಲ, ಸುಮ್ಮನೆ ಬಂದು ನಿಂತೆ.”

“ಅವರು ನೋಡ್ತಿದ್ರು” ಎಂದು ಮೃದಂಗದವರನ್ನು ತೋರಿಸಿದೆ.

“ಗೊತ್ತಾಯ್ತು.” ಮೇಡಂ ಕಡೆ ತಿರುಗಿದರು. “ಆ ದೋಣಿ ಹೊರಡೋ ಜಾಗದಲ್ಲಿ ಜನ ನಿಲ್ಲಬಹುದಾ?”

“ಗೆಲ್ಲೋ ಕಡೆ ನಿಲ್ತಾರೆ ಅಮ್ಮ ಎಲ್ಲರೂ. ಅಲ್ಲಿ ಕುರ್ಚಿ, ಶಾಮಿಯಾನ ಎಲ್ಲ ಇರುತ್ತೆ.”

“ಅಲ್ಲಿ ನಿಂತ್ರೆ ಇವಳ ಬೆನ್ನು ತಾನೇ ಕಾಣೋದು.” ಮಗಳನ್ನು ನೋಡಿದರು. “ಹೊರಡೋ ಕಡೆ ನಿಂತ್ರೆ?”

ಹುಡುಗಿಯೇ ಹೇಳಿದಳು, “ನನ್ನ ಮುಖ ಕಾಣುತ್ತೆ ಅಮ್ಮ. ನನಗೆ ನೀನು ಕಾಣ್ತೀಯ.”

“ಎಲ್ಲಿ ತನಕ?”

“ಕಣ್ಣಿಗೆ ಕಾಣೋ ತನಕ.”

ಆ ತಾಯಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಪ್ರಸಾದವನ್ನು ಬಿಚ್ಚಿ ಮಗಳ ಕೈಗೆ ಹಾಕಿದರು.

“ಹಂಗಾದ್ರೆ ನಾನು ಅಲ್ಲೇ ನಿಂತ್ಕೊಳ್ತೀನಿ. ಇವಳು ತಿರುಗಿ ನೋಡಲಿ ಅಂತ ಕಾಯೋದೇ ಬೇಡವಲ್ಲ.”